ಮನವಿ ಪತ್ರ: ವಿಪತ್ತು ತರಬೇತಿ ಹಾಜರಾತಿ ಪುಟದಲ್ಲೇ ಮುಗಿಯದಿರಲಿ

ಗೆ,
ಮಾನ್ಯ ಅಧ್ಯಕ್ಷರು,
ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ, ಚಿತ್ರದುರ್ಗ.

ಇವರಿಂದ: ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ರೈತರು, ಕುರಿಗಾಹಿಗಳು, ನೇಕಾರರು.

ವಿಷಯ: ಗ್ರಾಮ ಮಟ್ಟದ ಸಿಬ್ಬಂದಿಗೂ ಜನರಿಗೂ ವಿಪತ್ತು ಎದುರಿಸುವ ತರಬೇತಿ ನೀಡುವ ಕುರಿತು.

ಉಲ್ಲೇಖ: ನಮ್ಮ ಹಿಂದಿನ ಮೂರು ಮನವಿಗಳು (ಸ್ವೀಕೃತಿ ಪ್ರತಿಗಳು: ಲಗತ್ತು 1ರಿಂದ 3).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸುವುದೇನೆಂದರೆ, ಮೂರು ಮನವಿಗಳಿಗೂ ‘ಪರಿಶೀಲಿಸಲಾಗುವುದು’ ಎಂಬ ಒಂದೇ ಉತ್ತರ ಬಂದಿದೆ. ನಾಲ್ಕನೆಯದನ್ನು ಬರೆಸಿದ್ದು ಕಳೆದ ಮುಂಗಾರಿಗೆ ಮುಂಚೆ ನಡೆಯಿತೆನ್ನಲಾದ ಒಂದು ದಿನದ ತರಬೇತಿ. ನಡೆಸಿದ ಕಚೇರಿಯ ಹೆಸರನ್ನು ಗೌರವದಿಂದಲೇ ಬಿಟ್ಟಿದ್ದೇವೆ. ಮಾಹಿತಿ ಹಕ್ಕಿನಡಿ ಪಡೆದ ಹಾಜರಾತಿ ಪುಟದ ಮೊಹರು ತಾವೇ ನೋಡಬಹುದು (ಲಗತ್ತು 4).

ಆ ಪುಟದಲ್ಲಿ ನಮ್ಮ ಇಬ್ಬರು ನೀರುಗಂಟಿಗಳ ಸಹಿಯಿದೆ. ಆ ದಿನ ಇಬ್ಬರೂ ಊರಿಗೆ ನೀರು ಬಿಡುತ್ತಿದ್ದರು (ಹೇಳಿಕೆ: ಲಗತ್ತು 5). ಒಬ್ಬರು ಬ್ಯಾಂಕಿನಲ್ಲಿ ಇಂದಿಗೂ ಹೆಬ್ಬೆಟ್ಟು ಒತ್ತುವವರು. ಈ ಪುಟದಲ್ಲಿ ಮಾತ್ರ ದುಂಡಗೆ ಸಹಿ ಮಾಡಿದ್ದಾರೆ. ಹೋಗದವನಿಗೂ ಅಕ್ಷರ ಕಲಿಸಿದ ತರಬೇತಿಯನ್ನು ಹೇಗೆ ಹೊಗಳುವುದೋ ತಿಳಿಯದು. ಊಟದ ಬಿಲ್ಲಿನಲ್ಲಿರುವಷ್ಟು ತಲೆಗಳು ಗುಂಪು ಫೋಟೊದಲ್ಲಿಲ್ಲ (ಲಗತ್ತು 6, 7). ಹೋದವರಿಗೆ ತೋರಿಸಿದ್ದು ಕಡಲತೀರದ ಚಂಡಮಾರುತದ ಚಿತ್ರಗಳು.

ವಿಪತ್ತು ನಿರ್ವಹಣಾ ಕಾಯ್ದೆ 2005ರ ಸೆಕ್ಷನ್ 30, 31 ಮತ್ತು 41 ಹೊರಿಸುವ ತರಬೇತಿಯ ಹೊಣೆ ತಮಗೆ ತಿಳಿಯದ್ದಲ್ಲ. ನಮ್ಮ ವಿಪತ್ತುಗಳೂ ತಿಳಿಯದ್ದಲ್ಲ. ಬಯಲಿನ ಕುರಿಗಾಹಿ ಗುಡುಗಿಗೆ ಹೆದರಿ ಒಂಟಿ ಮರದಡಿ ಸೇರುತ್ತಾನೆ. ಸಿಡಿಲು ಬಡಿದವನ ಮೈಯಲ್ಲಿ ಕರೆಂಟು ಉಳಿಯುವುದಿಲ್ಲ, ಉಸಿರು ನಿಂತಿದ್ದರೆ ಕೂಡಲೇ ಎದೆ ಒತ್ತಬೇಕು ಎಂದು ಹೇಳಿಕೊಟ್ಟವರಿಲ್ಲದೆ ಜನ ಮುಟ್ಟಲು ಅಂಜಿ ನಿಲ್ಲುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಜಲಾಶಯ 89 ವರ್ಷಗಳ ಬಳಿಕ ಕೋಡಿ ಬಿತ್ತು. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಅದರ ಕೆಳಗಿನ ವೇದಾವತಿ ಹೊಳೆಯನ್ನು ಮರಳಿನ ಹಾದಿಯಾಗಿಯೇ ಕಂಡ ತಲೆಮಾರಿಗೆ ತುಂಬಿದ ಹೊಳೆಯ ಅಂದಾಜಿಲ್ಲ. 2022ರ ಕೋಡಿಯ ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಬರ ನಮಗೆ ನೆಂಟನಲ್ಲ, ಮನೆಯವನೇ. ಆದರೂ ಮೇವಿನ ಮಾತು ಶುರುವಾಗುವುದು ದನ ಮಾರಿದ ಮೇಲೆ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಹಾಜರಾತಿ ಪುಟದ ಸಹಿಗಳ ಬಗ್ಗೆ ತನಿಖೆ ನಡೆಸಿ, ಫಲಿತಾಂಶವನ್ನು ಲಿಖಿತವಾಗಿ ತಿಳಿಸುವುದು.

2. ಪ್ರತಿ ಮುಂಗಾರಿಗೆ ಮುನ್ನ ನೀರುಗಂಟಿ, ಆಶಾ ಕಾರ್ಯಕರ್ತೆ, ಗ್ರಾಮ ಸಹಾಯಕ, ಪಂಚಾಯಿತಿ ಸದಸ್ಯರು ಹಾಗೂ ಕುರಿಗಾಹಿಗಳಿಗೆ ಹೋಬಳಿವಾರು ತರಬೇತಿ ನೀಡುವುದು. ಅನಾಹುತವಾದಾಗ ಮೊದಲು ಓಡಿ ಬರುವವರು ಇವರೇ. ಜೀಪು ಬರುವುದು ಆಮೇಲೆ.

3. ಪರಶುರಾಂಪುರ ಭಾಗದ ಹೊಳೆದಂಡೆ ಊರುಗಳಲ್ಲಿ ಅಣಕು ಪ್ರದರ್ಶನ ನಡೆಸಿ, ಕೋಡಿ ಬಿದ್ದ ಸುದ್ದಿಯನ್ನು ರಾತ್ರಿ ಹೊತ್ತು ಯಾರು ಯಾರಿಗೆ ಮುಟ್ಟಿಸಬೇಕೆಂದು ಗೊತ್ತುಪಡಿಸುವುದು.

4. ಕಾವಲು ಭೂಮಿ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಗಿ ಮೇಯುವ ನೆಲ ಕುಗ್ಗಿರುವುದರಿಂದ, ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳನ್ನೂ ಕೂರಿಸಿಕೊಂಡು ಮುಂಚಿತವಾಗಿ ಮೇವಿನ ಯೋಜನೆ ಮಾಡುವುದು.

5. ಮೊಳಕಾಲ್ಮೂರಿನ ನೇಕಾರರ ಗುಂಡಿ ಮಗ್ಗಗಳಿಗೆ ಮಳೆನೀರು ನುಗ್ಗದಂತೆ ಚರಂಡಿ ಹೂಳೆತ್ತಿಸುವುದು.

6. ತರಬೇತಿಯ ಊಟದ ವ್ಯವಸ್ಥೆಯನ್ನು ಸ್ಥಳೀಯ ಸ್ತ್ರೀಶಕ್ತಿ ಸಂಘಗಳಿಗೆ, ವಿಶೇಷವಾಗಿ ಈ ಮನವಿಗೆ ಸಹಿ ಮಾಡಿದ ಸೋದರಿಯರ ಸಂಘಕ್ಕೆ ವಹಿಸುವುದು.

ಈ ಬಾರಿಯೂ ‘ಪರಿಶೀಲಿಸಲಾಗುವುದು’ ಎಂದು ಬರೆಯುವ ಮುನ್ನ ಒಮ್ಮೆ ಹೆಬ್ಬೆಟ್ಟು ಒತ್ತುವ ನಮ್ಮ ನೀರುಗಂಟಿಯನ್ನು ತಮ್ಮ ಮುಂದೆ ಕರೆಸಿ, ಒಂದು ಬಿಳಿ ಹಾಳೆ ಕೊಟ್ಟು ಸಹಿ ಮಾಡಲು ಹೇಳಬೇಕೆಂದು ಕೈಮುಗಿದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳು)