ಮನೆಮಾತು: ಕುರಿಮರಿಯೋ, ಕುರಿ ಮಾರಿಯೋ?

ಕಳೆದ ಡಿಸೆಂಬರಿನಲ್ಲಿ ಮಲ್ಕಾಜ್‌ಗಿರಿಯ ಪರಿಚಿತರೊಬ್ಬರ ಮನೆಗೆ ಕ್ರಿಸ್‌ಮಸ್ ಊಟಕ್ಕೆ ಹೋಗಿದ್ದೆ. ಮಂಗಳೂರು ಕಡೆಯ ಮನೆತನ. ಇಲ್ಲಿಗೆ ಬಂದು ಎರಡು ತಲೆಮಾರಾಯಿತು. ಊಟಕ್ಕೆ ಮುಂಚೆ ಮೊಮ್ಮಗ ಗಿಟಾರ್ ಹಿಡಿದು, 'ಸೈಲೆಂಟ್ ನೈಟ್' ಹಾಡಿನ ಮಟ್ಟಿಗೆ ಅವನ ತಾಯಿ ಕಟ್ಟಿಕೊಟ್ಟ ಕನ್ನಡ ಪದಗಳನ್ನು ಹಾಡತೊಡಗಿದ. ತಂಗಿ ತಬಲ ನುಡಿಸಿದಳು.

ಅಜ್ಜಿಗೆ ಸರಿಬೀಳಲಿಲ್ಲ. "ಇದೆಂಥದು ಮಗಾ, ದೇವರ ಹಾಡಿಗೆ ಗಿಟಾರಾ? ನಮ್ಮ ದೇವಾಲಯದಲ್ಲಿ ಆರ್ಗನ್ ಬಿಟ್ಟು ಬೇರೆ ಇರಲಿಲ್ಲ" ಎಂದರು.

ಈ ಮಾತನ್ನು ಚರಿತ್ರೆ ಒಪ್ಪುವುದಿಲ್ಲ. ಆಸ್ಟ್ರಿಯ ದೇಶದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ 1818ರ ಡಿಸೆಂಬರ್ 24ರಂದು ಈ ಹಾಡನ್ನು ಮೊದಲು ಹಾಡಿದಾಗ ಜೊತೆಗಿದ್ದ ವಾದ್ಯ ಗಿಟಾರೇ. ಪದ ಪಾದ್ರಿ ಯೋಸೆಫ್ ಮೋರ್ ಅವರದು. ಮಟ್ಟು ಶಾಲಾ ಉಪಾಧ್ಯಾಯ ಫ್ರಾಂಜ್ ಗ್ರೂಬರ್ ಅವರದು. ಹಳೆಯ ಪದ್ಧತಿ ಮೊಮ್ಮಗನದೇ ಆಯಿತು!

ಆದರೆ ಅಜ್ಜಿ ಹಿಡಿದ ಎರಡನೆಯ ತಪ್ಪಿಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಕುರುಬರು ಬರುವ ಚರಣದಲ್ಲಿ 'ಕುರಿಮರಿ' ಎಂಬ ಮಾತಿತ್ತು. ಮಟ್ಟಿನ ಎಳೆತಕ್ಕೆ ಸಿಕ್ಕಿ ಅದು 'ಕುರಿ ಮಾರಿ' ಆಗಿಹೋಯಿತು. "ಮರಿ ಹೊತ್ತು ಬಂದರೋ, ಕುರಿ ಮಾರಿ ಬಂದರೋ?" ಎಂದು ಅಜ್ಜಿ ಕೇಳಿದರು. ಮನೆಯವರೆಲ್ಲ ನಕ್ಕರು. ಏಕೆ ನಕ್ಕರೆಂದು ಹುಡುಗನಿಗೆ ಮಾತ್ರ ತಿಳಿಯಲಿಲ್ಲ. ಅವನಿಗೆ ಕನ್ನಡ ಓದಲು ಬಾರದು; ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದ. ಹಾಗೆ ಬರೆದಾಗ ಮರಿಯೂ ಒಂದೇ, ಮಾರಿಯೂ ಒಂದೇ.

ಜರ್ಮನ್, ಇಂಗ್ಲಿಷ್ ಪದ್ಯಗಳು ಒತ್ತಿನ ಮೇಲೆ ನಡೆಯುತ್ತವೆ. ನಮ್ಮಲ್ಲಿ ಹ್ರಸ್ವ ದೀರ್ಘವಾದರೆ ಅರ್ಥವೇ ಬೇರೆ. ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿ ಕಿಟ್ಟೆಲ್ ಕನ್ನಡದ ಈ ನಡೆಯನ್ನು ಅರಿತವರು. ನಿಘಂಟು 1894ರಲ್ಲಿ ಹೊರಬಂತು. ಅದಕ್ಕೆ ಎಷ್ಟೋ ಮುಂಚೆ, 1862ರಲ್ಲೇ, ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂದು ನಮ್ಮ ಛಂದಸ್ಸಿನಲ್ಲಿ ಬರೆದರು. ತೆಲುಗಿನಲ್ಲಿ, 1803ರಲ್ಲಿ ಹುಟ್ಟಿದ ಪುರುಷೋತ್ತಮ ಚೌಧರಿಯವರು ಕ್ರೈಸ್ತ ಕೀರ್ತನೆಗಳನ್ನು ರಾಗ ತಾಳದಲ್ಲಿ ಕಟ್ಟಿದರು. ತೆಲುಗು ಸಭೆಗಳಲ್ಲಿ ಅವನ್ನು ಇಂದಿಗೂ ಹಾಡುತ್ತಾರೆ. ತೆಲುಗಿಗೂ ನಮ್ಮಂತೆಯೇ ಹ್ರಸ್ವ ದೀರ್ಘಗಳುಂಟು. ಆದ್ದರಿಂದ ನೆರೆಮನೆಯ ಕೀರ್ತನೆಯ ಮಟ್ಟನ್ನು ಎರವಲು ತಂದರೂ ಕನ್ನಡ ಪದ ಅಷ್ಟಾಗಿ ಮುರಿಯದು.

ತಾಯಂದಿರೇ, ತಂದೆಯರೇ, ಮಕ್ಕಳು ಗಿಟಾರ್ ಹಿಡಿಯಲಿ, ತಬಲ ಬಾರಿಸಲಿ, ಬೇಡವೆನ್ನಬೇಡಿ. ಹಾಡುವ ಮೊದಲು ಪದವನ್ನು ರಾಗವಿಲ್ಲದೆ, ಕನ್ನಡ ಅಕ್ಷರದಲ್ಲೇ ಓದಿಸಿ. ದೀರ್ಘವಿದ್ದಲ್ಲಿ ಸ್ವರ ಎಳೆಯಲಿ, ಹ್ರಸ್ವವಿದ್ದಲ್ಲಿ ಮುಂದೆ ಸಾಗಲಿ. ಪರಸ್ಥಳದಲ್ಲಿ ಬೆಳೆಯುವ ಎಷ್ಟೋ ಮಕ್ಕಳಿಗೆ ಹಾಡೇ ಕನ್ನಡದ ಪಾಠಶಾಲೆ. ಅಲ್ಲಿ ಕಲಿತ ತಪ್ಪು ನಾಲಗೆಯಲ್ಲೇ ಉಳಿಯುತ್ತದೆ.

ಅಂದು ಊಟವಾದ ಮೇಲೆ ಅಜ್ಜಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ 'ಮ', 'ಮಾ' ಎಂದು ಬರೆದು ಮೊಮ್ಮಗನ ಮುಂದಿಟ್ಟರು. ಅವನು ತಿದ್ದಿದ. ಸಂಜೆ ಮತ್ತೆ ಗಿಟಾರ್ ತೆಗೆದಾಗ ಕುರಿಮರಿ ಕುರಿಮರಿಯಾಗಿಯೇ ಬಂತು. ಈ ಸಲ ಅಜ್ಜಿಯೂ ದನಿಗೂಡಿಸಿದರು.