ತಗ್ಗಿದ ತಲೆಯ ಭಾರ

ನಮ್ಮ ಬಾಲಿಕೆಯರು ತಲೆ ತಗ್ಗಿಸಿ ನಡೆಯುವುದನ್ನು ಕಂಡು ಮೆಚ್ಚುವ ಹಿರಿಯರು ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಈಗಲೂ ಉಂಟು. ವಿನಯವು ಹೆಣ್ಣಿಗೂ ಗಂಡಿಗೂ ಭೂಷಣವೇ ಸರಿ. ಆದರೆ ಅದು ಬಾಗಿದ ಕತ್ತಿನಲ್ಲಿ ವಾಸಿಸುವುದೆಂಬ ನಂಬಿಕೆಯನ್ನು ನಾವು ಒಪ್ಪಲಾರೆವು.

ಮನುಷ್ಯನ ತಲೆಯ ತೂಕ ಸುಮಾರು 5 ಕಿಲೋಗ್ರಾಂ. ಅದು ನೆಟ್ಟಗಿರುವಾಗ ಕತ್ತಿನ 7 ಮೂಳೆಗಳು ಆ ಭಾರವನ್ನು ಸುಲಭವಾಗಿ ಹೊರುತ್ತವೆ. ಮುಂದಕ್ಕೆ ಬಾಗಿದಷ್ಟೂ ಹಿಂಬದಿಯ ಸ್ನಾಯುಗಳು ಅದನ್ನು ಜಗ್ಗಿ ಹಿಡಿಯಬೇಕಾಗುತ್ತದೆ. ತುಂಬಿದ ಕೊಡವನ್ನು ಸೊಂಟದಲ್ಲಿಟ್ಟು ಹೊರುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ಭೇದವೇ ಇಲ್ಲಿಯೂ ಇರುವುದು. ನ್ಯೂಯಾರ್ಕಿನ ಶಸ್ತ್ರವೈದ್ಯ ಕೆನೆತ್ ಹನ್ಸರಾಜರು 2014ರಲ್ಲಿ ಪ್ರಕಟಿಸಿದ ಗಣನೆಯಂತೆ, 60 ಡಿಗ್ರಿ ಬಾಗಿದ ಕತ್ತಿನ ಮೇಲೆ ಬೀಳುವ ಭಾರ ಸುಮಾರು 27 ಕಿಲೋಗ್ರಾಂ! ಬಾಗಿದ ಕತ್ತೆಲ್ಲವೂ ನೋಯಲೇಬೇಕೆಂದು ಇದರ ಅರ್ಥವಲ್ಲ. ಅಲುಗಾಡದೆ ಗಂಟೆಗಟ್ಟಲೆ ಅದೇ ಭಂಗಿಯಲ್ಲಿರುವುದೇ ಹೆಚ್ಚು ಕೆಡುಕು. ಆಗ ಹೆಗಲು ಬಿಗಿಯುತ್ತದೆ, ತಲೆಯ ಹಿಂಭಾಗ ನೋಯುತ್ತದೆ; ಬೆನ್ನು ಗೂನಾಗಿ ಎದೆಗೂಡು ಕುಗ್ಗಿದರೆ ಉಸಿರೂ ಪೂರ್ಣವಾಗಿ ಒಳಗೆ ಹೋಗದು.

ಇದನ್ನು ನಾವು ತಪ್ಪುಮಾಡಿ ಕಲಿತೆವು. ತರೀಕೆರೆಯ ಕಡೆಯ ಒಬ್ಬ ವಿದ್ಯಾರ್ಥಿನಿ ಬಹುದಿನ ತಲೆನೋವೆಂದಳು. ಸೋಮಾರಿತನವೆಂದು ಮೊದಲು ಗದರಿಸಿದೆವು. ಬಳಿಕ ಕಣ್ಣಿನ ಪರೀಕ್ಷೆ ಮಾಡಿಸಿದೆವು. ಕಣ್ಣಿನಲ್ಲಿ ದೋಷವಿರಲಿಲ್ಲ. ವಿಚಾರಿಸಲಾಗಿ, ಸುಗ್ಗಿಯಲ್ಲಿ ಸಂಜೆಯೆಲ್ಲ ತಾಯಿಯೊಡನೆ ಅಡಿಕೆ ಸುಲಿದು, ಅನಂತರ ಪುಸ್ತಕವನ್ನು ನೆಲದ ಮೇಲಿಟ್ಟು ರಾತ್ರಿ ಓದುತ್ತಿದ್ದಳೆಂದು ತಿಳಿಯಿತು. ಆ ಮಗುವನ್ನು ಗದರಿಸಿದ ನಾಚಿಕೆ ನಮ್ಮಲ್ಲಿ ಇನ್ನೂ ಇದೆ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠದ ನೆಪದಲ್ಲಿ ಮನೆಮನೆಗೆ ಬಂದ ಮೊಬೈಲು ಇನ್ನೂ ಮಕ್ಕಳ ಮಡಿಲಿನಿಂದ ಇಳಿದಿಲ್ಲ. ಪುಸ್ತಕದ ಚೀಲದ ಮಾತಂತೂ ಹೇಳತೀರದು. 9 ಮತ್ತು 10ನೆಯ ತರಗತಿಗಳಿಗೆ 5 ಕಿಲೋಗ್ರಾಂ ಮೀರಕೂಡದೆಂದು ನಮ್ಮ ಸರ್ಕಾರವು 2019ರಲ್ಲಿಯೇ ಆಜ್ಞೆ ಮಾಡಿತು. ಅದನ್ನು ತೂಗಿ ನೋಡುವವರು ಯಾರು?

ಬೆಲೆಬಾಳುವ ಮೇಜುಗಳನ್ನು ನಾವು ಬೇಡುತ್ತಿಲ್ಲ. ನಮ್ಮ ಹಿರಿಯರು ಕಡೂರು ಸೀಮೆಯ ದೇವನೂರಿನವನೆಂದು ನಾವು ಹೆಮ್ಮೆಪಡುವ ಲಕ್ಷ್ಮೀಶನ ಜೈಮಿನಿ ಭಾರತವನ್ನು ವ್ಯಾಸಪೀಠದ ಮೇಲೆ ಓರೆಯಾಗಿಟ್ಟು ಓದುತ್ತಿದ್ದರು. ಗ್ರಂಥವೇ ಕಣ್ಣಿನೆಡೆಗೆ ಏರುತ್ತಿತ್ತು. ಊರಿನ ಬಡಗಿ ಅಂಥದೊಂದನ್ನು ಹಳೆಯ ಹಲಗೆಯಲ್ಲಿಯೇ ಮಾಡಿಕೊಟ್ಟಾನು. ತಾಯಂದಿರೇ, ಅಡಿಕೆಯ ಬುಟ್ಟಿಯ ಮುಂದೆ ಕುಳಿತ ಮಗಳನ್ನು ಅರ್ಧ ಗಂಟೆಗೊಮ್ಮೆ ಎಬ್ಬಿಸಿ ಅಂಗಳಕ್ಕೆ ಕಳುಹಿಸಿರಿ. ಅವಳು ತಲೆ ಎತ್ತಿ ಬೀದಿಯಲ್ಲಿ ನಡೆದು ಬಂದರೆ ನೆರೆಯವರು ಏನೆಂದಾರೋ ಎಂದು ಅಂಜಬೇಡಿರಿ. ಅವರಿಗೆ ಉತ್ತರ ಹೇಳಲು ನಾವಿದ್ದೇವೆ.