ಜನ್ಮಪಾಪದ ಆರೋಪವೂ ಯೆಹೂದ್ಯ ದೃಷ್ಟಿಯೂ

ಪರ್ವದಿನಗಳ ಪ್ರವಚನಗಳಲ್ಲಿ, ಬೇಸಗೆಯ ಧಾರ್ಮಿಕ ಶಿಬಿರಗಳ ಪಾಠಗಳಲ್ಲಿ, ಮಹೋತ್ಸವಗಳ ಸ್ಮರಣಸಂಚಿಕೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ಪಶ್ಚಿಮದ ಮತಗಳೆಲ್ಲವೂ ಮನುಷ್ಯನನ್ನು ಹುಟ್ಟುಪಾಪಿಯೆಂದು ಸಾರುತ್ತವೆ. ಆತ್ಮವು ಸ್ವಭಾವತಃ ಶುದ್ಧವೆಂದೂ ತನ್ನ ಏಳುಬೀಳುಗಳಿಗೆ ತಾನೇ ಹೊಣೆಯೆಂದೂ ಹೇಳಿದುದು ಜಿನಶಾಸನ ಮಾತ್ರ ಎಂಬುದೇ ಆ ಮಾತು. ಕೇಳಿದ ಸಭೆ ತಲೆದೂಗುತ್ತದೆ. ಮಕ್ಕಳು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಜಿನಶಾಸನವನ್ನು ಕುರಿತು ಅದರಲ್ಲಿ ಹೇಳಿರುವುದು ಸರಿ. ‘ಮಾತ್ರ’ ಎಂಬ ಪದ ತಪ್ಪು. ‘ಎಲ್ಲವೂ’ ಎಂಬ ಪದ ಇನ್ನೂ ದೊಡ್ಡ ತಪ್ಪು. ಬೈಬಲ್ಲಿನ ಪೂರ್ವಭಾಗವನ್ನು ಜಗತ್ತಿಗೆ ಕೊಟ್ಟ ಯೆಹೂದ್ಯರು ಜನ್ಮಪಾಪದ ಸಿದ್ಧಾಂತವನ್ನು ಒಪ್ಪಿದವರಲ್ಲ. ಶತಮಾನಗಳ ಕಾಲ ವಾದಮಾಡಿ ಅದನ್ನು ನಿರಾಕರಿಸಿದವರು. ಸತ್ಯಾಣುವ್ರತವನ್ನು ಹೊತ್ತ ಸಮಾಜವೊಂದು ತನ್ನ ಹಿರಿಮೆಯನ್ನು ಪರರ ಕುರಿತ ಅಸತ್ಯದ ಮೇಲೆ ನಿಲ್ಲಿಸುವುದು ಸಲ್ಲದು.

ಜನ್ಮಪಾಪದ ಸಿದ್ಧಾಂತಕ್ಕೆ ಒಂದು ನಿರ್ದಿಷ್ಟ ಇತಿಹಾಸವಿದೆ. ಆದಾಮನೂ ಹವ್ವಳೂ ನಿಷಿದ್ಧ ಫಲವನ್ನು ತಿಂದು ಏದೆನ್ ತೋಟದಿಂದ ಹೊರಬಿದ್ದ ಕಥೆ ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿದೆ. ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಪೌಲನು ರೋಮಿನ ಕ್ರೈಸ್ತರಿಗೆ ಬರೆದ ಪತ್ರದಲ್ಲಿ, ಪಾಪವೂ ಅದರ ಬೆನ್ನಿಗೆ ಮರಣವೂ ಒಬ್ಬ ಮನುಷ್ಯನ ಮೂಲಕ ಲೋಕಕ್ಕೆ ಬಂದುವೆಂದು ವಾದಿಸಿದನು. ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ ಆಗಿದ್ದ ಆಗಸ್ಟೀನನು (354–430) ಗ್ರೀಕ್ ಮೂಲದ ಆ ವಾಕ್ಯವನ್ನು ಲ್ಯಾಟಿನ್ ಅನುವಾದದಲ್ಲಿ ಓದಿ, ಆದಾಮನೊಳಗೆ ಸಮಸ್ತ ಮನುಷ್ಯಕುಲವೂ ಪಾಪಗೈದಿತೆಂದು ಅರ್ಥೈಸಿದನು. ಆ ಅಪರಾಧವು ಸಂತಾನಕ್ರಮದಲ್ಲಿ ಹರಿದುಬರುತ್ತದೆ. ದೀಕ್ಷಾಸ್ನಾನ ಪಡೆಯದೆ ಸತ್ತ ಹಸುಗೂಸಿಗೂ ದಂಡನೆ ತಪ್ಪದು, ಅದು ಅತ್ಯಂತ ಮೃದುವಾದ ದಂಡನೆಯಾಗಿರಬಹುದು ಅಷ್ಟೆ ಎಂಬುದು ಅವನ ನಿಲುವು. ಇದನ್ನು ವಿರೋಧಿಸಿದ ಪೆಲಾಗಿಯಸನ ಪಕ್ಷವನ್ನು 418ರ ಕಾರ್ಥೇಜ್ ಧರ್ಮಸಭೆ ಖಂಡಿಸಿತು. 1546ರಲ್ಲಿ ಟ್ರೆಂಟ್ ಧರ್ಮಸಭೆ ಅದೇ ಸಿದ್ಧಾಂತವನ್ನು ಕಥೋಲಿಕರಿಗೆ ಮತ್ತೊಮ್ಮೆ ವಿಧಿಸಿತು. ಪೂರ್ವದ ಆರ್ಥಡಾಕ್ಸ್ ಕ್ರೈಸ್ತರಾದರೋ ಆದಾಮನಿಂದ ಮರಣವೂ ದೌರ್ಬಲ್ಯವೂ ಬಂದುವೆಂದರೇ ಹೊರತು ಅವನ ಅಪರಾಧವೇ ಕೂಸಿಗೆ ಅಂಟಿತೆಂಬುದನ್ನು ಅಂಗೀಕರಿಸಲಿಲ್ಲ. ಎಂದಮೇಲೆ, ಯಾವುದನ್ನು ‘ಪಶ್ಚಿಮದ ಮತ’ವೆಂದು ಕರೆಯಲಾಗುತ್ತಿದೆಯೋ ಅದು ಕ್ರೈಸ್ತಧರ್ಮದ ಒಂದು ಶಾಖೆಯ ಮತ.

ಅದೇ ಕಥೆಯನ್ನು ಅದರ ಮೂಲಭಾಷೆಯಲ್ಲಿ ಓದಿಕೊಂಡು ಬಂದ ಯೆಹೂದ್ಯರು ಬೇರೆ ಅರ್ಥವನ್ನು ಕಂಡರು. ಏದೆನ್ ತೋಟದ ಕಥೆಯಲ್ಲಿ ಪಾಪವೆಂಬ ಶಬ್ದವೇ ಬಾರದು. ಅದು ಮೊದಲು ಬರುವುದು ಮುಂದಿನ ಅಧ್ಯಾಯದಲ್ಲಿ, ತಮ್ಮನ ಮೇಲೆ ಕುದಿಯುತ್ತಿದ್ದ ಕಾಯಿನನಿಗೆ ದೇವರು ನೀಡುವ ಎಚ್ಚರಿಕೆಯಲ್ಲಿ. ಬಾಗಿಲಲ್ಲಿ ಹೊಂಚುಹಾಕಿದ ಮೃಗದಂತೆ ಪಾಪವು ಕಾದಿದೆ, ಆದರೆ ಅದನ್ನು ಆಳುವ ಶಕ್ತಿ ಅವನಿಗಿದೆ ಎಂಬುದು ಅದರ ತಾತ್ಪರ್ಯ. ಆದಾಮನ ಮಗನಾದ ಕಾಯಿನನೇ ಪಾಪಕ್ಕೆ ವಶನಾಗಿ ಹುಟ್ಟಿದ್ದರೆ ಆ ಎಚ್ಚರಿಕೆಗೆ ಅರ್ಥವೆಲ್ಲಿಯದು? ಧರ್ಮೋಪದೇಶಕಾಂಡವು ತಂದೆಯ ಅಪರಾಧಕ್ಕೆ ಮಗನನ್ನೂ ಮಗನ ಅಪರಾಧಕ್ಕೆ ತಂದೆಯನ್ನೂ ಕೊಲ್ಲಬಾರದೆಂದು ವಿಧಿಸುತ್ತದೆ. ಕ್ರಿ.ಪೂ. ಆರನೆಯ ಶತಮಾನದಲ್ಲಿ ಬಾಬಿಲೋನಿನ ಸೆರೆಯಲ್ಲಿದ್ದ ಜನ ತಮ್ಮ ದುರವಸ್ಥೆಯನ್ನು ಪೂರ್ವಿಕರ ತಲೆಗೆ ಕಟ್ಟಿದಾಗ, ಪ್ರವಾದಿ ಯೆಹೆಜ್ಕೇಲನು ಆ ಗೊಣಗನ್ನು ಕಟುವಾಗಿ ಖಂಡಿಸಿ, ಯಾರ ಪಾಪಕ್ಕೆ ಅವರೇ ಹೊಣೆಯೆಂದೂ ಪಾಪಿಯು ತಿರುಗಿಕೊಂಡರೆ ಬದುಕುವನೆಂದೂ ಸಾರಿದನು. ಯೆಹೂದ್ಯನು ಪ್ರತಿದಿನ ಬೆಳಿಗ್ಗೆ ಮಾಡುವ ಪ್ರಾರ್ಥನೆಗಳಲ್ಲಿ ಒಂದು, ದೇವರು ತನ್ನಲ್ಲಿ ಇರಿಸಿದ ಆತ್ಮವು ಶುದ್ಧವಾದುದೆಂಬ ಸ್ಮರಣೆಯೇ ಆಗಿದೆ.

ಅನೇಕಾಂತದ ಮರ್ಯಾದೆಗಾಗಿ ಪ್ರತಿಪಕ್ಷವನ್ನೂ ಹೇಳಬೇಕು. ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾದ ತರುವಾಯದ ಎಸ್ರನ ಹೆಸರಿನ ಗ್ರಂಥವೊಂದು ಆದಾಮನಿಂದಲೇ ಎಲ್ಲರೂ ಕೆಟ್ಟರೆಂದು ಗೋಳಿಡುತ್ತದೆ; ಅದೇ ಕಾಲದ ಬಾರೂಕನ ಹೆಸರಿನ ಗ್ರಂಥವಾದರೋ ಪ್ರತಿಯೊಬ್ಬನೂ ತನ್ನ ಆತ್ಮಕ್ಕೆ ತಾನೇ ಆದಾಮನೆಂದು ಉತ್ತರಿಸುತ್ತದೆ. ಸರ್ಪವು ಹವ್ವಳಲ್ಲಿ ಒಂದು ಮಲಿನತೆಯನ್ನು ಬಿಟ್ಟಿತೆಂಬ ಮಾತು ತಾಲ್ಮುದಿನಲ್ಲಿಯೂ ಇದೆ; ಆದರೆ ಸೀನಾಯ್ ಬೆಟ್ಟದಲ್ಲಿ ಧರ್ಮಶಾಸ್ತ್ರವನ್ನು ಸ್ವೀಕರಿಸಿದವರಲ್ಲಿ ಅದು ನಿಂತುಹೋಯಿತೆಂದು ಅಲ್ಲಿಯೇ ಹೇಳಿದೆ. ಅನುಭಾವಿಗಳಾದ ಕಬ್ಬಾಲಾ ಪಂಥದವರು ಆದಾಮನ ಪತನಕ್ಕೆ ಹೆಚ್ಚಿನ ಮಹತ್ತ್ವ ಕೊಟ್ಟರು. ಇಷ್ಟಾಗಿಯೂ, ಹುಟ್ಟಿದ ಕೂಸು ಅಪರಾಧಿಯೆಂಬುದು ಯೆಹೂದ್ಯರ ಧರ್ಮಸಿದ್ಧಾಂತ ಎಂದೂ ಆಗಲಿಲ್ಲ. 1263ರಲ್ಲಿ ಬಾರ್ಸಿಲೋನದಲ್ಲಿ ಅರಗಾನಿನ ದೊರೆ ಮೊದಲನೆಯ ಜೇಮ್ಸನ ಸಮ್ಮುಖದಲ್ಲಿ ನಡೆದ ವಾದಸಭೆಯಲ್ಲಿ ಪಂಡಿತ ಮೋಶೆ ಬೆನ್ ನಹ್ಮಾನನಿಗೆ ಈ ಪ್ರಶ್ನೆ ಎದುರಾಯಿತು. ತನ್ನ ಆತ್ಮಕ್ಕೆ ತನ್ನ ತಂದೆಯ ಆತ್ಮದೊಡನೆ ಎಷ್ಟು ನಂಟೋ ಐಗುಪ್ತದ ಫರೋಹನ ಆತ್ಮದೊಡನೆಯೂ ಅಷ್ಟೇ ನಂಟು. ಫರೋಹನ ಪಾಪಕ್ಕಾಗಿ ತಾನು ನರಕಕ್ಕೆ ಹೋಗಬೇಕೆ ಎಂಬುದು ಅವನು ಕೊಟ್ಟ ಉತ್ತರದ ಸಾರ. ರಾಜಸಭೆಯಲ್ಲಿ, ಪ್ರಬಲರ ಮಧ್ಯೆ, ಜೀವವನ್ನು ಪಣವಾಗಿಟ್ಟಂತೆ ನಿಂತು ಆಡಿದ ಮಾತಿದು. ಹೀಗೆ ವಾದಿಸಿದವರ ಮೇಲೆಯೇ ಆ ಸಿದ್ಧಾಂತವನ್ನು ಹೊರಿಸುವುದು ಎಂತಹ ನ್ಯಾಯ?

ಹಾಗೆಂದು ಯೆಹೂದ್ಯರು ಮನುಷ್ಯನನ್ನು ನಿರ್ದೋಷಿಯೆಂದೂ ಬಗೆಯಲಿಲ್ಲ. ಒಮ್ಮೆಯೂ ತಪ್ಪದೆ ಒಳ್ಳೆಯದನ್ನೇ ಮಾಡುವ ಧರ್ಮಾತ್ಮನು ಭೂಮಿಯ ಮೇಲಿಲ್ಲವೆಂಬುದು ಪ್ರಸಂಗಿ ಎಂಬ ಗ್ರಂಥದ ಅಭಿಪ್ರಾಯ. ಪಾಪಕ್ಕೆ ಹೀಬ್ರೂ ಭಾಷೆಯಲ್ಲಿರುವ ‘ಖೇತ್’ ಎಂಬ ಪದದ ಧಾತುವಿಗೆ ಗುರಿತಪ್ಪುವುದೆಂಬ ಅರ್ಥವಿದೆ. ಗುರಿ ತಪ್ಪಿದವನು ಮತ್ತೊಮ್ಮೆ ಗುರಿಯಿಡಬಲ್ಲನು. ಮನುಷ್ಯನಲ್ಲಿ ಸತ್ಪ್ರವೃತ್ತಿ, ದುಷ್ಪ್ರವೃತ್ತಿಗಳೆಂಬ ಎರಡು ಸೆಳೆತಗಳಿವೆಯೆಂದು ಅವರ ಗುರುಗಳು ಕಲಿಸಿದರು. ದುಷ್ಪ್ರವೃತ್ತಿಯನ್ನು ಅವರು ‘ಯೇತ್ಸೆರ್ ಹಾರಾ’ ಎನ್ನುತ್ತಾರೆ. ಅದನ್ನು ಮೂರು ದಿನ ಸೆರೆಯಲ್ಲಿಟ್ಟಾಗ ನಾಡಿನಲ್ಲೆಲ್ಲ ಆ ದಿನ ಇಟ್ಟ ಒಂದು ಕೋಳಿಮೊಟ್ಟೆಯೂ ದೊರೆಯದಾಯಿತೆಂದು ತಾಲ್ಮುದಿನಲ್ಲಿ ಕಥೆಯಿದೆ. ಆ ಸೆಳೆತವಿಲ್ಲದಿದ್ದರೆ ಯಾರೂ ಮನೆ ಕಟ್ಟರು, ಮದುವೆಯಾಗರು, ವ್ಯಾಪಾರ ಮಾಡರು ಎಂಬುದು ಇನ್ನೊಂದೆಡೆಯ ವಿವರಣೆ. ಆದ್ದರಿಂದ ಅದನ್ನು ಕೊಲ್ಲಬೇಕಿಲ್ಲ, ಹತೋಟಿಯಲ್ಲಿಡಬೇಕು ಎಂಬುದು ಅವರ ತೀರ್ಮಾನ. ಕಷಾಯಗಳ ಸಂಪೂರ್ಣ ಕ್ಷಯವನ್ನೇ ಗುರಿಯಾಗಿರಿಸಿಕೊಂಡ ಮುನಿಧರ್ಮವು ಇದನ್ನು ಒಪ್ಪದು. ಆದರೆ ಸ್ವದಾರಸಂತೋಷ, ಪರಿಗ್ರಹಪರಿಮಾಣ ಮೊದಲಾದ ಅಣುವ್ರತಗಳನ್ನು ಹೊತ್ತ ಶ್ರಾವಕನಿಗೆ ಈ ವಿವೇಕವು ಅಪರಿಚಿತವೆನಿಸಲಾರದು.

ತಪ್ಪಿದವನು ಮರಳುವ ಮಾರ್ಗಕ್ಕೆ ‘ತೆಶುವಾ’ ಎಂದು ಹೆಸರು. ಮರಳುವಿಕೆಯೆಂದೇ ಅದರ ಅರ್ಥ. 1204ರಲ್ಲಿ ಈಜಿಪ್ತಿನಲ್ಲಿ ಮಡಿದ ಮಹಾಪಂಡಿತ ಮೈಮೊನಿಡೀಸನು ‘ಮಿಷ್ನೆ ತೋರಾ’ ಎಂಬ ತನ್ನ ಧರ್ಮಸಂಹಿತೆಯಲ್ಲಿ ಇದಕ್ಕೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿರಿಸಿದ್ದಾನೆ. ತಪ್ಪನ್ನು ಬಿಡುವುದು, ಮನದಲ್ಲಿ ಮರುಗುವುದು, ಬಾಯಿಬಿಟ್ಟು ನಿವೇದಿಸುವುದು, ಮುಂದೆ ಮಾಡೆನೆಂದು ನಿಶ್ಚಯಿಸುವುದು ಅದರ ಅಂಗಗಳು. ಅದೇ ಪ್ರಲೋಭನೆ, ಅದೇ ಅವಕಾಶ, ಅದೇ ಶಕ್ತಿ ಮತ್ತೆ ಒದಗಿದಾಗಲೂ ಹಿಂದೆ ಸರಿದವನೇ ಪೂರ್ಣವಾಗಿ ಮರಳಿದವನು. ಹುಟ್ಟುವಾಗಲೇ ಒಬ್ಬನು ಸಜ್ಜನನೆಂದೂ ಮತ್ತೊಬ್ಬನು ದುರ್ಜನನೆಂದೂ ದೇವರು ನಿಯಮಿಸುತ್ತಾನೆಂಬುದು ಮೂಢರ ಮಾತೆಂದು ಅವನು ತಳ್ಳಿಹಾಕುತ್ತಾನೆ.

ಜೈನ ಸಿದ್ಧಾಂತಕ್ಕೂ ಇದಕ್ಕೂ ಇರುವ ಅಂತರವನ್ನು ಮರೆಮಾಚಬೇಕಾಗಿಲ್ಲ. ಸೃಷ್ಟಿಕರ್ತನಾದ, ಕ್ಷಮಿಸುವ ಈಶ್ವರನನ್ನು ಜೈನರು ಒಪ್ಪರು. ಯೆರೂಸಲೇಮಿನ ದೇವಾಲಯದಲ್ಲಿ ಪಾಪಪರಿಹಾರಕ್ಕೆಂದು ನಡೆಯುತ್ತಿದ್ದ ಪಶುಬಲಿಯನ್ನು ಅಹಿಂಸಾಧರ್ಮವು ಎಂದಿಗೂ ಸಮರ್ಥಿಸದು. ದೇವಾಲಯದ ನಾಶದೊಡನೆ ಬಲಿ ನಿಂತಿತು. ದಯೆಯ ಕಾರ್ಯಗಳೇ ಅದರ ಸ್ಥಾನವನ್ನು ತುಂಬುತ್ತವೆಂದು ಗುರು ಯೋಹಾನಾನ್ ಬೆನ್ ಝಕ್ಕಾಯ್ ತನ್ನ ಶಿಷ್ಯನನ್ನು ಸಂತೈಸಿದನೆಂದು ಅವರ ಪರಂಪರೆ ಹೇಳುತ್ತದೆ. ಆದರೂ ಪ್ರಾಯಶ್ಚಿತ್ತದಿನದ ಮುನ್ನ ಕೋಳಿಯನ್ನು ಕೊಯ್ಯುವ ರೂಢಿ ಕೆಲವು ಪಂಗಡಗಳಲ್ಲಿ ಇಂದಿಗೂ ಉಳಿದಿದೆ. ಉಳಿದವರು ಅದರ ಬದಲು ಹಣವನ್ನು ಬಡವರಿಗೆ ಕೊಡುತ್ತಾರೆ. ಈ ಭೇದಗಳನ್ನು ಹೇಳುವುದು ಸತ್ಯ. ಇಲ್ಲದ ಭೇದವನ್ನು ಕಟ್ಟುವುದು ಅಸತ್ಯ.

ಇನ್ನೊಂದು ಆಕ್ಷೇಪವನ್ನೂ ಪರಿಶೀಲಿಸಬೇಕು. ಜೀವವು ಅನಾದಿಯಿಂದ ಕರ್ಮಬದ್ಧವೆಂದು ಜೈನರು ಹೇಳುತ್ತಾರಲ್ಲ, ಅದೂ ಒಂದು ಜನ್ಮಪಾಪವೇ ಅಲ್ಲವೆ ಎಂದು ಪರರು ಕೇಳಬಹುದು. ಉತ್ತರ ಸ್ಪಷ್ಟವಾಗಿದೆ. ಅದಿರಿನೊಡನೆ ಬೆರೆತ ಚಿನ್ನವು ಚಿನ್ನವೇ ಆಗಿರುವಂತೆ ಬದ್ಧಜೀವವು ಜೀವವೇ. ಆ ಬಂಧವು ಆ ಜೀವದ್ದೇ ಹೊರತು ಯಾವನೋ ಪೂರ್ವಿಕನಿಂದ ಬಂದ ಆಸ್ತಿಯಲ್ಲ. ಅಷ್ಟೇ ಅಲ್ಲ, ಅದು ವಿಧಿಲಿಖಿತವೂ ಅಲ್ಲ. ಚಾವುಂಡರಾಯನ ಕಾಲದಲ್ಲಿ ಬಾಳಿದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವು ಕರ್ಮದ ಹತ್ತು ಕರಣಗಳನ್ನು ವಿವರಿಸುತ್ತದೆ. ಅಪಕರ್ಷಣ, ಸಂಕ್ರಮಣ, ಉದೀರಣ, ಉಪಶಮಗಳು ಅವುಗಳೊಳಗಿವೆ. ಕಟ್ಟಿದ ಕರ್ಮದ ಸ್ಥಿತಿಯನ್ನು ತಗ್ಗಿಸಬಹುದು, ಅದರ ಪ್ರಕೃತಿಯನ್ನು ಬದಲಿಸಬಹುದು. ಪುರುಷಾರ್ಥಕ್ಕೆ ಎಡೆಯಿಲ್ಲದ ಕರ್ಮವಾದವನ್ನು ಜಿನರು ಬೋಧಿಸಲಿಲ್ಲ.

ಆದರೆ ಇಂದಿನ ಸಮಾಜದಲ್ಲಿ ಬಾಳುತ್ತಿರುವುದು ಆ ಕರ್ಮಸಿದ್ಧಾಂತವೇ? ಅಂಗವಿಕಲ ಮಗುವನ್ನು ಹೆತ್ತ ತಾಯಿಯ ಮುಂದೆ, ಎಳೆಯ ವಯಸ್ಸಿನಲ್ಲಿ ಪತಿಯನ್ನು ಕಳೆದುಕೊಂಡ ಶ್ರಾವಕಿಯ ಮುಂದೆ, ಅಂಗಡಿ ಸುಟ್ಟುಹೋದ ವ್ಯಾಪಾರಿಯ ಮುಂದೆ ‘ಪೂರ್ವಜನ್ಮದ ಕರ್ಮ, ಅನುಭವಿಸಲೇಬೇಕು’ ಎಂದು ಸಲೀಸಾಗಿ ನುಡಿಯುವವರು ಎಷ್ಟು ಮಂದಿ! ಸಾಂತ್ವನದ ಹೆಸರಿನಲ್ಲಿ ಅದು ದೋಷಾರೋಪಣೆ. ಹಸುಗೂಸನ್ನು ಅಪರಾಧಿಯೆಂದ ಆಗಸ್ಟೀನನನ್ನು ಹಳಿಯುವ ನಾಲಗೆಯೇ ತೊಟ್ಟಿಲಿನ ಪಕ್ಕದಲ್ಲಿ ನಿಂತು ಅದೇ ತೀರ್ಪನ್ನು ಕೊಡುತ್ತದೆ.

ಇಲ್ಲಿ ಯೆಹೂದ್ಯರಿಂದ ಕಲಿಯತಕ್ಕದ್ದಿದೆ. ಮಕ್ಕಳನ್ನೂ ಸಂಪತ್ತನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಬಳಿ ಮೂವರು ಗೆಳೆಯರು ಬಂದು, ಪಾಪ ಮಾಡದೆ ಇಂತಹ ದುಃಖ ಬಾರದೆಂದು ವಾದಿಸಿದರು. ಗ್ರಂಥದ ಕೊನೆಯಲ್ಲಿ ದೇವರು ಕೋಪಗೊಳ್ಳುವುದು ಯೋಬನ ಮೇಲಲ್ಲ, ಆ ಗೆಳೆಯರ ಮೇಲೆ. ಈ ಕಥೆಯಿಂದ ತಾಲ್ಮುದು ಒಂದು ಶಾಸನವನ್ನೇ ಹೊರಡಿಸಿತು: ರೋಗದಿಂದ ನರಳುವವನೊಡನೆ, ಮಕ್ಕಳನ್ನು ಮಣ್ಣುಮಾಡಿದವನೊಡನೆ ಯೋಬನ ಗೆಳೆಯರಂತೆ ಮಾತನಾಡಕೂಡದು. ಪಶ್ಚಾತ್ತಾಪಪಟ್ಟು ತಿದ್ದಿಕೊಂಡವನಿಗೆ ಅವನ ಹಳೆಯ ನಡತೆಯನ್ನು ನೆನಪಿಸಕೂಡದು. ಹಣದ ಮೋಸಕ್ಕಿಂತ ಮಾತಿನ ನೋವು ಹೆಚ್ಚಿನ ಅಪರಾಧ. ಏಕೆಂದರೆ ಹಣವನ್ನು ಹಿಂದಿರುಗಿಸಬಹುದು, ನೋವನ್ನು ಹಿಂದಿರುಗಿಸಲಾಗದು. ಇದೇ ತಾಲ್ಮುದು ಬೇರೊಂದು ಕಡೆ, ಕಷ್ಟ ಬಂದಾಗ ಮನುಷ್ಯನು ತನ್ನ ನಡತೆಯನ್ನು ತಾನು ಪರೀಕ್ಷಿಸಿಕೊಳ್ಳಲಿ ಎನ್ನುತ್ತದೆ. ಇದರಲ್ಲಿ ವಿರೋಧವಿಲ್ಲ. ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಧರ್ಮ. ಪರನನ್ನು ದೂಷಿಸುವುದು ಕ್ರೌರ್ಯ. ಕರ್ಮಸಿದ್ಧಾಂತವು ತನ್ನ ಮುಖ ನೋಡಿಕೊಳ್ಳುವ ಕನ್ನಡಿ. ಅದನ್ನು ಪರರತ್ತ ಬೀಸುವ ಕಲ್ಲಾಗಿ ಮಾಡಿಕೊಂಡವರು ಯಾರು? ಅವಧಿಜ್ಞಾನವಿಲ್ಲದವನು ಮತ್ತೊಬ್ಬರ ಪೂರ್ವಜನ್ಮವನ್ನು ಬಲ್ಲನೆ? ಪರರಲ್ಲಿ ದುಃಖಶೋಕಗಳನ್ನು ಹುಟ್ಟಿಸುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಬೋಧಿಸುತ್ತದೆ. ಆ ತಾಯಿಯ ಕರ್ಮವೇನೋ ತಿಳಿಯದು. ಹಾಗೆ ನುಡಿದವನು ಆ ಕ್ಷಣದಲ್ಲಿ ಕಟ್ಟಿಕೊಂಡ ಕರ್ಮವಂತೂ ಶಾಸ್ತ್ರಸಿದ್ಧ.

ಎರಡನೆಯ ಪಾಠ ಕ್ಷಮಾವಣಿಗೆ ಸಂಬಂಧಿಸಿದ್ದು. ಯೆಹೂದ್ಯರ ಪ್ರಾಯಶ್ಚಿತ್ತದಿನವಾದ ಯೋಮ್ ಕಿಪ್ಪೂರದಂದು ಅವರು ಸುಮಾರು 25 ಗಂಟೆಗಳ ಕಾಲ ಅನ್ನನೀರುಗಳನ್ನು ತೊರೆದು ಪಾಪನಿವೇದನೆ ಮಾಡುತ್ತಾರೆ. ಆದರೆ ಆ ದಿನವು ದೇವರ ಎದುರಿನ ತಪ್ಪುಗಳನ್ನು ಮಾತ್ರ ಕಳೆಯುತ್ತದೆ, ಮನುಷ್ಯರ ನಡುವಣ ತಪ್ಪುಗಳನ್ನು ನೊಂದವನನ್ನು ಸಮಾಧಾನಪಡಿಸುವ ತನಕ ಕಳೆಯದು ಎಂಬುದು ಮಿಷ್ನಾದ ನಿಯಮ. ಕದ್ದದ್ದನ್ನು ಹಿಂದಿರುಗಿಸಿದರೂ ಸಾಲದು, ನೊಂದವನ ಬಳಿಗೆ ಹೋಗಿ ಕೇಳಬೇಕು. ಅವನು ಒಪ್ಪದಿದ್ದರೆ ಮೂವರು ಗೆಳೆಯರೊಡನೆ ಮತ್ತೆ ಹೋಗಬೇಕು. ಅವನು ಸತ್ತುಹೋಗಿದ್ದರೆ ಹತ್ತು ಜನರನ್ನು ಕರೆದುಕೊಂಡು ಸಮಾಧಿಯ ಬಳಿ ತಪ್ಪೊಪ್ಪಿಕೊಳ್ಳಬೇಕು. ದಶಲಕ್ಷಣದ ಕೊನೆಯಲ್ಲಿ ಒಂದೇ ಸಂದೇಶವನ್ನು ಮೊಬೈಲಿನಲ್ಲಿ ನೂರಾರು ಜನರಿಗೆ ಕಳುಹಿಸಿ, ಪಾಲು ಕೊಡದೆ ಹೊರಹಾಕಿದ ತಮ್ಮನ ಮನೆಯ ಮುಂದೆ ಮಾತ್ರ ತಲೆ ತಿರುಗಿಸಿ ನಡೆಯುವ ಶ್ರಾವಕನು ಯಾವ ಕ್ಷಮೆಯನ್ನು ಆಚರಿಸಿದಂತಾಯಿತು?

ಬಸದಿಗಳ ಆಡಳಿತ ಮಂಡಳಿಗಳಿಗೂ ಮಿಷ್ನಾದಲ್ಲಿ ಒಂದು ಮಾತಿದೆ. ಪರ್ಣಕುಟೀರಗಳ ಹಬ್ಬದಲ್ಲಿ ಯೆಹೂದ್ಯರು ಖರ್ಜೂರದ ಎಳೆಗರಿಯನ್ನು ಹಿಡಿದು ಸ್ತುತಿಸುತ್ತಾರೆ. ಆ ಗರಿ ಕದ್ದದ್ದಾದರೆ ವಿಧಿ ಸಲ್ಲದು. ಅಧರ್ಮದಿಂದ ಬಂದ ಸಾಧನದಿಂದ ಧರ್ಮಕಾರ್ಯ ನೆರವೇರದೆಂಬ ತತ್ತ್ವವನ್ನು ಅವರ ಗುರುಗಳು ಇಂತಹ ವಿಧಿಗಳಲ್ಲಿ ಕಂಡರು. ಕೂಲಿಯವನ ಸಂಬಳ ಉಳಿಸಿಕೊಂಡು ಕೊಟ್ಟ ದೇಣಿಗೆಗೆ ಅಮೃತಶಿಲೆಯಲ್ಲಿ ಹೆಸರು ಕೆತ್ತಿಸುವ ಮುನ್ನ ಈ ಗರಿಯ ನೆನಪಾದರೆ ಒಳಿತು. ಅಚೌರ್ಯಾಣುವ್ರತವೂ ಇದನ್ನೇ ಹೇಳುತ್ತದೆ. ಆದರೆ ಮನೆಯ ಮಾತು ಕಿವಿಗೆ ಬೀಳದಾದಾಗ ನೆರೆಯವರ ಮಾತಿನಿಂದಲಾದರೂ ಎಚ್ಚರವಾಗಬೇಕು.

ಆದ್ದರಿಂದ ಮಾಡತಕ್ಕದ್ದು ಇಷ್ಟು. ಶಿಬಿರಗಳ ಪಾಠಗಳಿಂದ ಆ ಸುಳ್ಳು ವಾಕ್ಯವನ್ನು ತೆಗೆದುಹಾಕಬೇಕು. ಆತ್ಮದ ಶುದ್ಧತೆಯನ್ನೂ ಸ್ವಂತ ಹೊಣೆಯನ್ನೂ ಎತ್ತಿಹಿಡಿದ ಬೇರೆ ಜನರೂ ಇದ್ದಾರೆಂದು ಮಕ್ಕಳು ಅರಿತರೆ ಜಿನಧರ್ಮದ ಮೇಲಿನ ಶ್ರದ್ಧೆ ಕುಗ್ಗದು. ನೊಂದವರ ಮನೆಗೆ ಹೋದಾಗ ಕರ್ಮದ ಮಾತನ್ನು ಹೊರಬಾಗಿಲಲ್ಲಿಯೇ ಬಿಟ್ಟು ಒಳಗೆ ಕಾಲಿಡಬೇಕು. ಮುಂಬರುವ ಕ್ಷಮಾವಣಿಯಂದು ಯಾರ ಹೆಸರನ್ನು ನೆನೆದರೆ ಎದೆ ಅಳುಕುವುದೋ ಅವರ ಬಾಗಿಲಿಗೆ ಮೊದಲು ನಡೆದುಹೋಗಬೇಕು. ಇಷ್ಟನ್ನೂ ಮಾಡದವರಿಗೆ ಆಗಸ್ಟೀನನನ್ನು ಖಂಡಿಸುವ ಅಧಿಕಾರವಿಲ್ಲ.